ಗೇಣು ನೆಲಕ್ಕೆ ಹತ್ತು ದಾಖಲೆ

ತಾಲ್ಲೂಕು ಕೇಂದ್ರಗಳ ಅಂಚಿನಲ್ಲಿ ಟಾರ್ಪಾಲಿನ ಗುಡಾರಗಳು ಎದ್ದಾಗ, ಬಸ್ ನಿಲ್ದಾಣದಲ್ಲಿ ಕೈಚಾಚುವವರು ಹೆಚ್ಚಿದಾಗ, ನಾವು ಕೊಡುವ ಕಾರಣಗಳು ಮೂರೇ: ದುಡಿಯಲು ಮೈಬಗ್ಗದ ಸೋಮಾರಿಗಳು, ಹಿಂದೆ ಯಾರೋ ನಿಂತು ನಡೆಸುವ ದಂಧೆ, ಎಲ್ಲಿಂದಲೋ ಬಂದ ಹೊರಗಿನವರು. ಶಿಕಾರಿಪುರ, ಸೊರಬದಂಥ ಊರುಗಳಲ್ಲಿ ಈ ಮೂರೂ ಕಾರಣಗಳು ಕಟ್ಟೆಯ ಮೇಲಿನ ಹರಟೆಯಿಂದ ಪುರಸಭೆಯ ಸಭೆಯವರೆಗೆ ಸಲೀಸಾಗಿ ಓಡಾಡುತ್ತವೆ. ಮೂರರ ದೃಷ್ಟಿಯೂ ಕೈಚಾಚಿದವನ ಸ್ವಭಾವದ ಮೇಲಿದೆ, ಅವನ ಕಾಲ ಕೆಳಗಿನ ನೆಲ ಯಾರದೆಂದು ಮಾತ್ರ ಯಾವುದೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳಿದರೆ ಚಿತ್ರ ಬೇರೆಯಾಗುತ್ತದೆ. ನಮ್ಮ ಭೂಸುಧಾರಣೆ, ವಸತಿ ಯೋಜನೆ, ಪಡಿತರ, ಪಿಂಚಣಿ ಎಲ್ಲವೂ ಒಂದೇ ಕಡೆ ನೆಲೆನಿಂತವನನ್ನು ಹುಡುಕಿಕೊಂಡು ಹೋಗುವಂತೆ ರೂಪುಗೊಂಡಿವೆ. ನಿಲ್ಲಲಾಗದವನು ಅವುಗಳ ಲೆಕ್ಕದಿಂದ ಜಾರಿಬಿಡುತ್ತಾನೆ. ಗುಡಾರಕ್ಕೂ ಭಿಕ್ಷೆಗೂ ಬಡತನ ಒಂದು ಕಾರಣವಾದರೆ, ಹೀಗೆ ಜಾರಿದ್ದು ಅದಕ್ಕಿಂತ ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಈ ಎರಡು ತಾಲ್ಲೂಕುಗಳನ್ನೇ ಆರಿಸಿಕೊಳ್ಳಲು ಕಾರಣವಿದೆ. ಎರಡೂ ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟ ಕ್ಷೇತ್ರಗಳು. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ರೂಪುಗೊಂಡ ‘ಆಶ್ರಯ’ ಯೋಜನೆ ಬಡವರ ಮನೆಗೆ ಇಡೀ ಕರ್ನಾಟಕದಲ್ಲಿ ಇಂದಿಗೂ ಅಂಟಿಕೊಂಡಿರುವ ಹೆಸರು. ‘ಆಶ್ರಯ ಕಾಲೊನಿ’ ಇಲ್ಲದ ಊರು ಅಪರೂಪ. ಶಿಕಾರಿಪುರವನ್ನು ದಶಕಗಳ ಕಾಲ ಪ್ರತಿನಿಧಿಸಿದ ಬಿ.ಎಸ್. ಯಡಿಯೂರಪ್ಪನವರ ಅವಧಿಯಲ್ಲಿ ರಸ್ತೆ, ಏತ ನೀರಾವರಿ, ಕಟ್ಟಡಗಳು ಈ ಸೀಮೆಗೆ ಧಾರಾಳವಾಗಿ ಬಂದವು. ರಾಜಕೀಯ ಗಮನದ ಕೊರತೆ ಇಲ್ಲಿಯ ಸಮಸ್ಯೆಯಲ್ಲ. ಗಮನವೂ ಹಣವೂ ಹರಿದ ಕಡೆಯಲ್ಲೇ ಒಂದು ವರ್ಗದ ಜನ ಗುಡಾರದಲ್ಲೇ ಉಳಿದರೆಂದರೆ, ಲೋಪವಿರುವುದು ಯೋಜನೆಗಳ ಕಟ್ಟೋಣದಲ್ಲಿ.

ಗುಡಾರದಲ್ಲಿ ಇರುವವರು ಯಾರು?

ಹೊರಗಿನಿಂದ ನೋಡುವವರಿಗೆ ಒಂದೇ ಗುಂಪಾಗಿ ಕಾಣುವ ಈ ಜನರಲ್ಲಿ ಕನಿಷ್ಠ ನಾಲ್ಕು ಬಗೆಯವರಿದ್ದಾರೆ. ಮೊದಲನೆಯವರು ಪರಂಪರೆಯಿಂದ ಅಲೆಮಾರಿಗಳು. ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಹಂದಿಜೋಗಿಗಳು, ದುರ್ಗಮುರ್ಗಿಯವರು, ಕೋಲೆಬಸವನವರು, ಹೆಳವರು, ಶಿಳ್ಳೇಕ್ಯಾತರು, ಹಕ್ಕಿಪಿಕ್ಕಿಗಳು ಕರ್ನಾಟಕದ ಇಂಥ ಹತ್ತಾರು ಸಮುದಾಯಗಳಲ್ಲಿ ಕೆಲವರು. ಎರಡನೆಯವರು ದುಡಿಮೆಗಾಗಿ ಬೀಡುಬಿಟ್ಟವರು: ಶುಂಠಿ ಹೊಲ, ಅಡಿಕೆ ಸುಲಿತ, ಇಟ್ಟಿಗೆ ಗೂಡು, ರಸ್ತೆ ಮತ್ತು ರೈಲು ಮಾರ್ಗದ ಕಾಮಗಾರಿಯ ಕೂಲಿಗಳು. ಮೂರನೆಯವರು ದೇವರ ಹೆಸರಿನಲ್ಲಿ ಬೇಡುವವರು. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ ಪಡಲಿಗೆ ಹೊತ್ತು ಬರುವ ಜೋಗತಿಯರಿಂದ ಹಿಡಿದು ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರಿನ ಜನಜಂಗುಳಿಯಲ್ಲಿ ಕೂರುವವರವರೆಗೆ ಇವರಿದ್ದಾರೆ. ನಾಲ್ಕನೆಯವರಿಗೆ ಸಮುದಾಯವೂ ಇಲ್ಲ, ಕೆಲಸವೂ ಇಲ್ಲ. ಮನೆಯಿಂದ ಹೊರಬಿದ್ದ ಮುದುಕರು, ಅಂಗವಿಕಲರು, ಮನೋರೋಗಿಗಳು, ಕುಡಿತಕ್ಕೆ ಸಿಕ್ಕಿ ಎಲ್ಲರನ್ನೂ ಕಳೆದುಕೊಂಡವರು ಅವರು. ಕಾರಣ ನಾಲ್ಕು ಬಗೆಯಾದರೂ ಕಾನೂನಿನ ಕಣ್ಣಿಗೆ ನಾಲ್ವರೂ ಒಂದೇ: ಅನಧಿಕೃತವಾಗಿ ನೆಲೆಸಿದವರು ಇಲ್ಲವೇ ಭಿಕ್ಷುಕರು.

ಲೆಕ್ಕಕ್ಕೂ ಇವರು ಸರಿಯಾಗಿ ಸಿಗುವುದಿಲ್ಲ. 2011ರ ಜನಗಣತಿ ದೇಶದಲ್ಲಿ 17.7 ಲಕ್ಷ ಮಂದಿ ವಸತಿಹೀನರನ್ನು ಗುರುತಿಸಿತು. ಭಿಕ್ಷುಕರು ಮತ್ತು ಅಲೆದಾಡುವವರ ಸಂಖ್ಯೆ 4.13 ಲಕ್ಷ ಎಂದಿತು. ಆದರೆ ವಸತಿಹೀನರ ಎಣಿಕೆ ನಡೆದದ್ದು ಫೆಬ್ರುವರಿ 28ರ ಒಂದೇ ರಾತ್ರಿ. ಫೆಬ್ರುವರಿಯೆಂದರೆ ಮಲೆನಾಡಿನ ಅಂಚಿನಲ್ಲಿ ಅಲೆಮಾರಿಗಳೂ ಕೂಲಿಗಳೂ ಹೆಚ್ಚು ಓಡಾಟದಲ್ಲಿರುವ ಕಾಲ. ಜೊತೆಗೆ ಜನಗಣತಿಯ ದೃಷ್ಟಿಯಲ್ಲಿ ವಸತಿಹೀನರೆಂದರೆ ಬಯಲಲ್ಲಿ, ರಸ್ತೆಬದಿಯಲ್ಲಿ, ಗುಡಿಯ ಮಂಟಪದಲ್ಲಿ, ರೈಲು ನಿಲ್ದಾಣದಲ್ಲಿ ಮಲಗುವವರು. ನಾಲ್ಕು ಗಳು ನೆಟ್ಟು ಟಾರ್ಪಾಲು ಹೊದಿಸಿದ್ದು ಮನೆಯೋ ಬಯಲೋ ಎಂಬುದು ಎಣಿಸಲು ಬಂದವರ ತೀರ್ಮಾನಕ್ಕೆ ಬಿಟ್ಟ ವಿಷಯವಾಗುತ್ತದೆ. ಮನೆಯೆಂದು ಬರೆದರೆ ವಸತಿಹೀನರ ಪಟ್ಟಿಯಿಂದ ಹೋದರು. ಊರಿನ ಕಾಯಂ ನಿವಾಸಿಗಳಲ್ಲವೆಂದರೆ ಪಂಚಾಯಿತಿಯ ಪಟ್ಟಿಯಿಂದಲೂ ಹೋದರು.

ಉಳುವವನಿಗೆ ನೆಲ, ಉಳದವನಿಗೆ?

ಈ ಸೀಮೆಯ ಇತಿಹಾಸದಲ್ಲಿ ನೆಲದ ಪ್ರಶ್ನೆ ಹೊಸದಲ್ಲ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹ ಇಡೀ ಜಿಲ್ಲೆಯ ರಾಜಕೀಯದ ದಿಕ್ಕನ್ನು ತಿದ್ದಿತು. ಬಂಗಾರಪ್ಪನವರ ತಲೆಮಾರಿನ ಸಮಾಜವಾದಿಗಳು ಬೆಳೆದದ್ದು ಅದರ ನೆರಳಿನಲ್ಲಿ. ದೇವರಾಜ ಅರಸರ ಕಾಲದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿತು. ನಮೂನೆ 7ರ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು ಹಕ್ಕು ಪಡೆದ ದೀವರು ಮತ್ತಿತರ ಗೇಣಿ ಕುಟುಂಬಗಳು ಎರಡು ತಲೆಮಾರಿನಲ್ಲಿ ಮನೆ ಕಟ್ಟಿದವು, ಮಕ್ಕಳನ್ನು ಓದಿಸಿದವು, ಅಡಿಕೆ ತೋಟ ಎಬ್ಬಿಸಿದವು. ನೆಲ ಸಿಕ್ಕರೆ ಬಡವನ ಗತಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಕಾನೂನಿನ ಬಾಗಿಲು ತೆರೆದದ್ದು ಗೇಣಿದಾರನಿಗೆ. ಬೇರೆಯವರ ಹೊಲದಲ್ಲಿ ದಿನಗೂಲಿ ಮಾಡುವವನಿಗೆ, ಕಣದಿಂದ ಕಣಕ್ಕೆ ಹೋಗಿ ಕಥೆ ಹೇಳಿ ಕಾಳು ಪಡೆಯುವವನಿಗೆ ತುಂಬಲು ನಮೂನೆಯೇ ಇರಲಿಲ್ಲ. ಹಳ್ಳಿಯ ಬದುಕಿನಲ್ಲಿ ಅವನಿಗೂ ಒಂದು ಪಾಲಿತ್ತು. ಆ ಪಾಲು ಯಾವ ಪಹಣಿಯಲ್ಲೂ ಇರಲಿಲ್ಲ.

ಆಮೇಲೆ ಆ ಪಾಲೂ ಹೋಯಿತು. ಸುಗ್ಗಿಯಲ್ಲಿ ಕಣಕ್ಕೆ ಬಂದವನಿಗೆ ಮೊರದಲ್ಲಿ ಭತ್ತ ಸುರಿಯುವುದು ದಯೆಯ ಮಾತಾಗಿರಲಿಲ್ಲ, ವಾಡಿಕೆಯಾಗಿತ್ತು. ಹೆಳವ ಮನೆತನದ ವಂಶಾವಳಿ ಹೇಳುತ್ತಿದ್ದ, ಕೋಲೆಬಸವನವನು ಶಕುನ ನುಡಿಯುತ್ತಿದ್ದ, ಶಿಳ್ಳೇಕ್ಯಾತ ತೊಗಲುಗೊಂಬೆ ಆಡಿಸುತ್ತಿದ್ದ. ಇಂದು ಕಟಾವು ಯಂತ್ರ ಗದ್ದೆಯಲ್ಲೇ ಭತ್ತ ಬೇರ್ಪಡಿಸಿ ಚೀಲಕ್ಕೆ ತುಂಬುತ್ತದೆ, ಕಣವೇ ಇಲ್ಲ. ನೀರಾವರಿ ಬಂದ ಕಡೆ ಭತ್ತದ ಗದ್ದೆಗಳು ಅಡಿಕೆಗೆ ತಿರುಗುತ್ತಿವೆ. ಅಡಿಕೆಯನ್ನು ಯಾರೂ ಮೊರದಲ್ಲಿ ಹಾಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಮತ್ತು ಪ್ರಾಣಿ ಆಡಿಸುವ ಕಸುಬುಗಳನ್ನು ಅಪರಾಧವಾಗಿಸಿತು. ಅದು ಕಾಡಿಗೆ ಅಗತ್ಯವಿದ್ದ ಕಾನೂನೇ, ಆದರೆ ಕಸುಬು ಕಳೆದುಕೊಂಡವನಿಗೆ ಬದಲಿ ಏನೆಂದು ಅದು ಹೇಳಲಿಲ್ಲ. ಟಿ.ವಿ. ಮತ್ತು ಮೊಬೈಲು ಉಳಿದ ಕಲೆಗಳ ಪ್ರೇಕ್ಷಕರನ್ನೂ ಕೊಂಡೊಯ್ದವು. ಹಳ್ಳಿಯಲ್ಲಿ ಕೊಟ್ಟು-ತೆಗೆದುಕೊಳ್ಳುವ ಸಂಬಂಧ ಕಡಿದ ಮೇಲೆ ಉಳಿದದ್ದು ಪಟ್ಟಣದ ಬಸ್ ನಿಲ್ದಾಣ. ಅಲ್ಲಿ ಕಥೆ ಕೇಳುವವರಿಲ್ಲ, ವಂಶಾವಳಿ ಬೇಕಾದವರಿಲ್ಲ. ಅದೇ ಮನುಷ್ಯ ಅಲ್ಲಿ ಬರಿಯ ಭಿಕ್ಷುಕನಾದ.

ಮನೆಯ ಯೋಜನೆಗಳು ಈ ಜನರ ಕೈಹಿಡಿಯಬೇಕಿತ್ತು. ಆದರೆ ಅವುಗಳ ನಡೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನೆರವಿದೆ. ರಾಜ್ಯದ ಯೋಜನೆಗಳಲ್ಲೂ ಇದೇ ಬಗೆಯ ನೆರವಿದೆ. ಹಣ ಬರುವುದು ನಿವೇಶನ ಇದ್ದವನಿಗೆ. ನಿವೇಶನ ಹಂಚುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಇಲ್ಲವೇ ಗ್ರಾಮಸಭೆಯ ಆಯ್ಕೆ. ಗ್ರಾಮಸಭೆಯಲ್ಲಿ ಹೆಸರು ಕೂಗಿದಾಗ ‘ಇವ ನಮ್ಮೂರವ’ ಎನ್ನಲು ಯಾರಾದರೂ ಬೇಕು, ಅವನೂ ಆ ದಿನ ಊರಲ್ಲಿರಬೇಕು. ಪಟ್ಟಿ ಸೇರಲು ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ ಬೇಕು. ಇವುಗಳನ್ನು ಪಡೆಯಲು ವಿಳಾಸ ಬೇಕು. ವಿಳಾಸ ಬೇಕೆಂದರೆ ಮನೆ ಬೇಕು. ಗಾಣದ ಎತ್ತಿನಂತೆ ಸುತ್ತಿ ಹೊರಟಲ್ಲಿಗೇ ಬರುವ ದಾರಿ ಇದು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮಗೊಳಿಸುವ ಭೂಕಂದಾಯ ಕಾಯ್ದೆಯ 94ಸಿ ಕಲಮೂ ಕಟ್ಟಿದ ಮನೆಯನ್ನು ಕೇಳುತ್ತದೆ. ಮಳೆಗಾಲಕ್ಕೆ ಮಡಚಿಡುವ ಗುಡಾರವನ್ನು ಅದು ಮನೆಯೆಂದು ಒಪ್ಪುವುದಿಲ್ಲ. ಅಲೆಮಾರಿ ಸಮುದಾಯಗಳನ್ನು ಅಧ್ಯಯನ ಮಾಡಿ 2008ರಲ್ಲಿ ವರದಿ ಕೊಟ್ಟ ಬಾಲಕೃಷ್ಣ ರೇಣಕೆ ಆಯೋಗ ದೇಶದುದ್ದಕ್ಕೂ ಕಂಡದ್ದು ಇದನ್ನೇ: ಬಹುಪಾಲು ಕುಟುಂಬಗಳಿಗೆ ಭೂಮಿ ಇಲ್ಲ, ಗುರುತಿನ ದಾಖಲೆಗಳಿಲ್ಲ.

ದಾಖಲೆ ಕೈಕೊಟ್ಟರೆ ನೆಲೆನಿಂತವರ ಗತಿಯೇ ಏನಾಗುತ್ತದೆ ಎಂಬುದಕ್ಕೂ ಈ ಜಿಲ್ಲೆಯಲ್ಲೇ ನಿದರ್ಶನವಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ-ಗದ್ದೆ ಮುಳುಗಿಸಿಕೊಂಡ ಶರಾವತಿ ಸಂತ್ರಸ್ತರನ್ನು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿನ ಜಾಗಗಳಲ್ಲಿ ತಂದಿಳಿಸಲಾಯಿತು. ಆ ಜಾಗ ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. ಅರವತ್ತು ವರ್ಷಗಳ ನಂತರವೂ ಅವರ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ನಾಡಿಗೆ ವಿದ್ಯುತ್ ಕೊಡಲು ಸರ್ಕಾರವೇ ಎತ್ತಿ ಕೂರಿಸಿದ, ಸಂಘಟನೆಯೂ ಮತಬಲವೂ ಇರುವ ಜನರ ಸ್ಥಿತಿ ಇದಾದರೆ, ಯಾವ ಬಲವೂ ಇಲ್ಲದ ಗುಡಾರವಾಸಿ ಕಚೇರಿಯ ಮೆಟ್ಟಿಲು ಹತ್ತಿ ಗೆಲ್ಲುತ್ತಾನೆಂದು ನಂಬುವುದು ಹೇಗೆ?

ಕೂಲಿ ಬಿಡಾರದ ಲೆಕ್ಕ ಬೇರೆ. ಅಲ್ಲಿರುವವರಿಗೆ ಬಹುಮಟ್ಟಿಗೆ ತಮ್ಮ ಊರಿನಲ್ಲಿ ಮನೆಯಿದೆ, ದುಡಿಯುವ ಊರಿನಲ್ಲಿ ಇಲ್ಲ. ಗುತ್ತಿಗೆ ಹಿಡಿದ ಹೊಲದಲ್ಲಿ ಶುಂಠಿ ಹಾಕುವವನಿಗೆ ನಾಟಿಗೂ ಕೀಳುವುದಕ್ಕೂ ಒಮ್ಮೆಲೇ ಹತ್ತಾರು ಆಳು ಬೇಕು, ವರ್ಷವಿಡೀ ಬೇಡ. ಅಡಿಕೆ ಸುಲಿತವೂ ಹಾಗೆಯೇ. ಇತ್ತ ಶಿಕಾರಿಪುರ ತಾಲ್ಲೂಕಿನ ತಾಂಡಾಗಳಿಂದ ಕಾಫಿ ಸೀಮೆಗೆ ಗುಳೆ ಹೋಗುವವರು ಅಲ್ಲಿ ಇದೇ ಬಗೆಯ ಲೈನುಮನೆ, ಶೆಡ್ಡುಗಳಲ್ಲಿ ಉಳಿಯುತ್ತಾರೆ. ಒಂದೇ ತಾಲ್ಲೂಕು ಒಂದು ಕಡೆಯಿಂದ ಗುಡಾರಗಳನ್ನು ಬರಮಾಡಿಕೊಳ್ಳುತ್ತದೆ, ಇನ್ನೊಂದು ಕಡೆಯಿಂದ ಕಳಿಸುತ್ತದೆ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ತಾತ್ಕಾಲಿಕ ವಸತಿ ಕೊಡುವುದು ಮಾಲೀಕನ ಹೊಣೆ ಎಂದು 1996ರ ಕಾಯ್ದೆಯೇ ಹೇಳಿತ್ತು. ಆ ಹೊಣೆ ತಪ್ಪಿಸಿಕೊಂಡಾಗ ಉಳಿಯುವ ಹಣ ಗುತ್ತಿಗೆದಾರನ ಜೇಬಿಗೆ, ಕೆರೆಯಂಗಳದ ಹೊಲಸು ಊರಿನ ಪಾಲಿಗೆ, ಬೈಗುಳ ಕೂಲಿಯ ಪಾಲಿಗೆ. ಕೆಲಸದ ನಡುವೆ ಗಾಯಗೊಂಡವನು, ಮೇಸ್ತ್ರಿ ಕೈಬಿಟ್ಟವನು, ಮರಳಲು ಹಣವಿಲ್ಲದವನು ಈ ಬಿಡಾರದಿಂದ ಬಸ್ ನಿಲ್ದಾಣದ ಬೆಂಚಿಗೆ ಬರುವುದು ಒಂದೇ ವಾರದ ದಾರಿ.

ಆಕ್ಷೇಪಗಳ ಎದುರು

‘ಇದೆಲ್ಲ ದಂಧೆ’ ಎಂಬುದು ಮೊದಲ ಆಕ್ಷೇಪ. ಮಕ್ಕಳನ್ನು ಬಾಡಿಗೆಗೆ ತಂದು ಬೇಡಿಸುವ ಜಾಲಗಳು ದೊಡ್ಡ ನಗರಗಳಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಅಂಥವರನ್ನು ಶಿಕ್ಷಿಸಲು ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ, ಶಿಕ್ಷಿಸಲೇಬೇಕು. ಆದರೆ ದಂಧೆಗೆ ಆಳು ಸಿಗುವುದು ಎಲ್ಲಿಂದ? ಗುರುತಿಲ್ಲದ, ಶಾಲೆಯ ಹಾಜರಿಯಲ್ಲಿ ಇಲ್ಲದ, ಕಾಣೆಯಾದರೂ ದೂರು ದಾಖಲಾಗದ ಕುಟುಂಬಗಳಿಂದ. ದಂಧೆಯನ್ನು ಒಪ್ಪಿಕೊಂಡರೂ ಕಾರಣ ಮತ್ತೆ ನೆಲೆ ಮತ್ತು ದಾಖಲೆಯ ಬಳಿಗೇ ಬರುತ್ತದೆ. ಮೇಲಾಗಿ ಒಂದು ತಾಲ್ಲೂಕು ಪಟ್ಟಣದ ಬಸ್ ನಿಲ್ದಾಣದಲ್ಲಿ ಕೂತ ಎಪ್ಪತ್ತರ ಮುದುಕಿಯಿಂದ ಲಾಭ ತೆಗೆಯುವ ದಂಧೆಗಾರನನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಆಕೆಗೆ ಸಂಧ್ಯಾಸುರಕ್ಷೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರಬೇಕು. ಅದಕ್ಕೆ ವಯಸ್ಸಿನ ದಾಖಲೆ, ಬ್ಯಾಂಕ್ ಖಾತೆ, ಆಧಾರ್ ಜೋಡಣೆ ಬೇಕು. ಅವು ಎಲ್ಲ ಇದ್ದರೂ ಒಬ್ಬಂಟಿ ಮುದುಕಿಯ ಬಾಡಿಗೆ, ಔಷಧಿ, ಊಟಕ್ಕೆ ಆ ಹಣ ಎಷ್ಟು ದಿನ ಸಾಲುತ್ತದೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ‘ಬಿಟ್ಟಿ ಭಾಗ್ಯಗಳು ಸೋಮಾರಿ ಮಾಡಿವೆ’ ಎಂಬ ದೂರಿಗೂ ಉತ್ತರ ಇಲ್ಲೇ ಇದೆ: ಅಕ್ಕಿಯಾಗಲಿ ಗೃಹಲಕ್ಷ್ಮಿಯ 2,000 ರೂಪಾಯಿಯಾಗಲಿ ಪಡಿತರ ಚೀಟಿಯ ಬೆನ್ನೇರಿ ಬರುತ್ತವೆ; ಚೀಟಿ ಇಲ್ಲದವನನ್ನು ಅವು ಸೋಮಾರಿಯನ್ನಾಗಿಸಲು ಹೇಗೆ ಸಾಧ್ಯ?

‘ಹೊರಗಿನವರು’ ಎಂಬ ಆಕ್ಷೇಪಕ್ಕೆ ಈ ನೆಲವೇ ಎಂಟೂವರೆ ಶತಮಾನಗಳ ಹಿಂದೆ ಉತ್ತರ ಕೆತ್ತಿಟ್ಟಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದ ಬಗ್ಗೆ 1162ರ ಶಾಸನವೊಂದು ವಿವರವಾಗಿ ಹೇಳುತ್ತದೆ. ಕಾಳಾಮುಖ ಶೈವರ ಆ ಮಠ ವೇದ, ವ್ಯಾಕರಣ ಕಲಿಸುವ ವಿದ್ಯಾಕೇಂದ್ರ. ಅಷ್ಟೇ ಆಗಿರದೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ, ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ಅನ್ನವಿಕ್ಕುವ, ರೋಗಿಗಳಿಗೆ ಮದ್ದು ಕೊಡುವ, ಜೀವಿಗಳಿಗೆಲ್ಲ ಅಭಯ ನೀಡುವ ತಾಣವೂ ಆಗಿತ್ತು. ಆ ಪಟ್ಟಿಯಲ್ಲಿ ಇಂದಿನ ನಾಲ್ಕು ಬಗೆಯವರಲ್ಲಿ ಹೆಚ್ಚಿನವರು ಕಾಣುತ್ತಾರೆ. ಹನ್ನೆರಡನೆಯ ಶತಮಾನವನ್ನು ಸುವರ್ಣಯುಗವೆಂದು ಹೊಗಳಲು ಈ ಮಾತು ಹೇಳುತ್ತಿಲ್ಲ. ಆ ಕಾಲದ ಜಾತಿ-ಅಧಿಕಾರದ ವ್ಯವಸ್ಥೆಯನ್ನು ಪ್ರಶ್ನಿಸಿಯೇ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಇಲ್ಲಿಂದ ಹೊರಟರು. ಗಮನಿಸಬೇಕಾದ್ದು ವ್ಯವಸ್ಥೆಯನ್ನು. ವ್ಯಾಪಾರದ ಊರಿಗೆ ಹೊರಗಿನವರು ಬಂದೇ ಬರುತ್ತಾರೆಂದು ಒಪ್ಪಿ, ಅವರ ಊಟ-ಔಷಧಿಗೆ ಭೂಮಿ ಮತ್ತು ಆದಾಯವನ್ನು ಬಿಟ್ಟುಕೊಡಲಾಗಿತ್ತು. ಬಂದವನ ಊರು ಯಾವುದೆಂಬುದು ಊಟಕ್ಕೆ ಷರತ್ತಾಗಿರಲಿಲ್ಲ.

‘ಮನೆ ಕೊಟ್ಟರೂ ಮಾರಿಕೊಂಡು ಮತ್ತೆ ಗುಡಾರಕ್ಕೆ ಹೋಗುತ್ತಾರೆ’ ಎಂಬ ಮೂರನೆಯ ಆಕ್ಷೇಪದಲ್ಲಿ ಸತ್ಯಾಂಶವಿದೆ. ಊರಿಂದ ದೂರದ ಗುಡ್ಡದಲ್ಲಿ, ನೀರಿಲ್ಲದ, ಶಾಲೆಯಿಲ್ಲದ, ದುಡಿಮೆಗೆ ಬಸ್ಸಿಲ್ಲದ ಕಡೆ ಬಡಾವಣೆ ಕಟ್ಟಿ ಕೊಟ್ಟರೆ ಯಾರಾದರೂ ಬಿಟ್ಟು ಬರುತ್ತಾರೆ. ಸುತ್ತಾಟವನ್ನೇ ನಂಬಿದ ಕುಟುಂಬಕ್ಕೆ ವರ್ಷದ ಅರ್ಧ ಕಾಲ ಬೀಗ ಹಾಕಿ ಹೋಗಬಹುದಾದ, ಮಕ್ಕಳನ್ನೂ ಮುದುಕರನ್ನೂ ಬಿಟ್ಟು ಹೋಗಬಹುದಾದ ನೆಲೆ ಬೇಕು. ಬೀಗ ಹಾಕಿದ್ದನ್ನೇ ಕಾರಣ ಮಾಡಿ ಹಂಚಿಕೆ ರದ್ದುಮಾಡುವ ಯೋಜನೆ ಬೇಡ. ನೌಕರಿಗೆಂದು ಬೆಂಗಳೂರಿಗೆ ಹೋದವರ ಊರಮನೆಗೆ ಬೀಗ ಬಿದ್ದರೆ ನಾವು ಅದನ್ನು ತಪ್ಪೆನ್ನುವುದಿಲ್ಲ.

ಕೊನೆಯ ಆಕ್ಷೇಪ ಕಾನೂನಿನದು: ಹಿಡಿದು ಪುನರ್ವಸತಿ ಕೇಂದ್ರಕ್ಕೆ ಕಳಿಸಿದರಾಯಿತು. ಈ ಪ್ರಯೋಗ ಹೊಸದಲ್ಲ. ಮೈಸೂರು ಸಂಸ್ಥಾನ 1944ರಲ್ಲೇ ಭಿಕ್ಷಾಟನೆ ನಿಷೇಧ ಕಾನೂನು ತಂದಿತ್ತು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಅದರ ಮುಂದುವರಿಕೆ. ಅದರ ಫಲವನ್ನು ನಾಡು 2010ರ ಆಗಸ್ಟ್‌ನಲ್ಲಿ ಕಂಡಿತು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಎಂಟು ದಶಕ ಹಿಡಿದು ಕೂಡಿಟ್ಟರೂ ಭಿಕ್ಷೆ ನಿಂತಿಲ್ಲವೆಂದ ಮೇಲೆ ಔಷಧಿ ತಪ್ಪಾಗಿದೆಯೆಂದೇ ಅರ್ಥ. ದೆಹಲಿ ಹೈಕೋರ್ಟ್ 2018ರಲ್ಲಿ ಭಿಕ್ಷೆಯನ್ನು ಅಪರಾಧವೆನ್ನುವ ಕಲಮುಗಳನ್ನು ರದ್ದುಪಡಿಸಿತು. ಭಿಕ್ಷುಕರನ್ನು ಬೀದಿಯಿಂದ ತೆಗೆಸಬೇಕೆಂಬ ಕೋರಿಕೆಯ ಬಗ್ಗೆ ಸುಪ್ರೀಂ ಕೋರ್ಟ್ 2021ರಲ್ಲಿ, ಇದನ್ನು ಉಳ್ಳವರ ಕಣ್ಣಿನಿಂದ ನೋಡಲಾಗದು ಎಂದಿತು. ಹೊರದೇಶಗಳಲ್ಲೂ ಎರಡು ದಾರಿಗಳು ಕಾಣುತ್ತವೆ. ಅಮೆರಿಕದ ಆರೆಗನ್ ರಾಜ್ಯದ ಗ್ರಾಂಟ್ಸ್ ಪಾಸ್, ಸುಮಾರು 40 ಸಾವಿರ ಜನರ ಪುಟ್ಟ ಊರು, ಬಯಲಲ್ಲಿ ಮಲಗುವವರಿಗೆ ದಂಡ ಹಾಕಬಹುದೆಂದು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಿಂದ ಒಪ್ಪಿಗೆ ಪಡೆಯಿತು. ದಂಡ ಕಟ್ಟಲಾಗದವನಿಗೆ ದಂಡ ಹಾಕಿದರೆ ಅವನ ದಾಖಲೆ ಇನ್ನಷ್ಟು ಕೆಡುತ್ತದೆ, ಬಾಡಿಗೆ ಮನೆ ಇನ್ನಷ್ಟು ದೂರವಾಗುತ್ತದೆ. ಇದಕ್ಕೆ ವಿರುದ್ಧವಾಗಿ ಫಿನ್ಲೆಂಡ್ 2008ರಿಂದ ಮೊದಲು ಮನೆ, ಆಮೇಲೆ ಚಿಕಿತ್ಸೆ ಮತ್ತು ಕೆಲಸ ಎಂಬ ಕ್ರಮ ಹಿಡಿದು, ಎಂಟು ಸಾವಿರದಷ್ಟಿದ್ದ ವಸತಿಹೀನರ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಶ್ರೀಮಂತ ದೇಶದ ಹಣ ನಮ್ಮಲ್ಲಿಲ್ಲ, ನಿಜ. ಕ್ರಮವನ್ನು ತಿರುಗಿಸಲು ಹಣಕ್ಕಿಂತ ಮನಸ್ಸು ಹೆಚ್ಚು ಬೇಕು.

ತಾಲ್ಲೂಕು ಮಟ್ಟದಲ್ಲೇ ಆಗಬಹುದಾದ್ದು

ಹಣ ಒಂದಿಷ್ಟು ಆಗಲೇ ಇದೆ. ಶಿಕಾರಿಪುರ, ಸೊರಬದಲ್ಲಿ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಅದರ ಜೊತೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತಾರೆ. ಅದು ಸೇರಬೇಕಾದ್ದು ರಾಜ್ಯಮಟ್ಟದ ಕೇಂದ್ರ ಪರಿಹಾರ ಸಮಿತಿಗೆ. ಖರ್ಚಾಗುವುದು ಹಿಡಿದು ತಂದವರನ್ನು ಇಡುವ ಕೇಂದ್ರಗಳಿಗೆ. ಅದರ ಒಂದು ಪಾಲು ಸಂಗ್ರಹವಾದ ಊರಿನಲ್ಲೇ ಉಳಿದರೆ ಬಸ್ ನಿಲ್ದಾಣದ ಬಳಿ ರಾತ್ರಿ ತಂಗುವ ಒಂದು ಜಾಗ, ಶೌಚಾಲಯ, ಬೀಗ ಹಾಕಿಡುವ ಪೆಟ್ಟಿಗೆಗೆ ದಾರಿಯಾಗುತ್ತದೆ. ಸುಪ್ರೀಂ ಕೋರ್ಟ್ 2010ರಲ್ಲಿ ನೀಡಿದ ಆದೇಶಗಳ ಬೆನ್ನಲ್ಲಿ ಬಂದ ನಗರ ಆಶ್ರಯ ಕೇಂದ್ರಗಳ ಮಾನದಂಡ ಲಕ್ಷ ಜನಸಂಖ್ಯೆಗೆ ನೂರು ಮಂದಿ ತಂಗುವ ಒಂದು ಕೇಂದ್ರ ಎನ್ನುತ್ತದೆ. ಲಕ್ಷ ಮುಟ್ಟದ ಊರುಗಳು ಆ ಲೆಕ್ಕದಲ್ಲಿ ಬಿಟ್ಟುಹೋಗುತ್ತವೆ. ಬೀದಿಯಲ್ಲಿ ಮಲಗುವವನಿಗೆ ಊರಿನ ಜನಸಂಖ್ಯೆ ಎಷ್ಟಾದರೂ ಚಳಿ ಒಂದೇ. ಅಲೆದಾಡುವ ಮನೋರೋಗಿಗಳನ್ನು ರಕ್ಷಿಸುವುದು ಠಾಣೆಯ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ; ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮವಿದೆ. ಠಾಣೆ, ಆಸ್ಪತ್ರೆ, ತಂಗುದಾಣ ಈ ಮೂರನ್ನೂ ಬೆಸೆಯುವ ಒಬ್ಬ ಸಿಬ್ಬಂದಿ ಇದ್ದರೆ ಆ ಕಾಯ್ದೆಗೆ ಜೀವ ಬರುತ್ತದೆ.

ನೆಲದ ವಿಷಯದಲ್ಲೂ ಮಾದರಿ ಹತ್ತಿರದಲ್ಲೇ ಇದೆ. ಕಾಗೋಡು ತಿಮ್ಮಪ್ಪ ಕಂದಾಯ ಸಚಿವರಾಗಿದ್ದ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಸೇರಿದ ಹೊಸ ಕಲಮು, ದಾಖಲೆಯಿಲ್ಲದ ತಾಂಡಾ, ಹಾಡಿ, ಹಟ್ಟಿಗಳ ವಾಸಿಗಳನ್ನು ಮನೆಯಡಿಯ ನೆಲಕ್ಕೆ ಒಡೆಯರನ್ನಾಗಿಸಿತು. ಅದರ ಬಲದಲ್ಲಿ 2023ರ ಜನವರಿಯಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ಅಲ್ಲಿ ಫಲಾನುಭವಿ ಕಚೇರಿಗೆ ಅಲೆದು ಸಾಬೀತುಪಡಿಸುವ ಬದಲು, ಸರ್ಕಾರವೇ ಜನವಸತಿಯನ್ನು ಗುರುತಿಸಿ ಕಂದಾಯ ಗ್ರಾಮವೆಂದು ಘೋಷಿಸಿತು. ಇದೇ ಕ್ರಮವನ್ನು ಗುಡಾರಕ್ಕೂ ಒಯ್ಯಬಹುದು: ತಹಶೀಲ್ದಾರರೇ ಬಿಡಾರದ ಬಳಿ ಹೋಗಿ ಪಟ್ಟಿ ಮಾಡಲಿ, ಗುರುತುಪತ್ರವನ್ನು ಅಲ್ಲೇ ಕೊಡಲಿ, ಊರಿಗೆ ಅಂಟಿದ ಸರ್ಕಾರಿ ಜಾಗದಲ್ಲಿ ನಿವೇಶನ ಅಳೆಯಲಿ. ಇದು ಆಗದಿದ್ದರೆ ಏನಾಗುತ್ತದೆಂದು 2025ರ ಆಗಸ್ಟ್ ತೋರಿಸಿತು. ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಅಲೆಮಾರಿಗಳೂ ಸೇರಿದ 59 ಅತಿ ಹಿಂದುಳಿದ ಸಮುದಾಯಗಳಿಗೆ ಶೇ 1ರ ಪ್ರತ್ಯೇಕ ಒಳಮೀಸಲಾತಿ ಶಿಫಾರಸು ಮಾಡಿತ್ತು. ಸಚಿವ ಸಂಪುಟ ಅದನ್ನು ಬಿಟ್ಟು ಅವರನ್ನು ತಮಗಿಂತ ಬಲವುಳ್ಳವರ ಗುಂಪಿಗೆ ಸೇರಿಸಿತು. ಊರೇ ಇಲ್ಲದವರಿಗೆ ಕ್ಷೇತ್ರವಿಲ್ಲ, ಕ್ಷೇತ್ರವಿಲ್ಲದವರಿಗೆ ಪರವಾಗಿ ಮಾತಾಡುವ ಶಾಸಕನಿಲ್ಲ.

ಗೇಣಿದಾರರಿಗೆ ನೆಲ ಕೊಡಿಸಿದ್ದು ದಯೆಯಲ್ಲ. ಹೋರಾಟದ ಬೆನ್ನಿಗೆ ಬಂದ ಕಾನೂನು, ಅರ್ಜಿ ನಮೂನೆ, ಅದನ್ನು ಆಲಿಸುವ ನ್ಯಾಯಮಂಡಳಿ. ಗುಡಾರವಾಸಿಗೆ ಸಿಗಬೇಕಾದ್ದೂ ಇಂಥದ್ದೇ ಒಂದು ವ್ಯವಸ್ಥೆ. ಐದು ರೂಪಾಯಿ ಹಾಕಬೇಕೋ ಬೇಡವೋ ಎಂಬ ನಮ್ಮ ಖಾಸಗಿ ತಳಮಳದಿಂದ ಏನೂ ಬದಲಾಗುವುದಿಲ್ಲ. ಮುಂದಿನ ಆಶ್ರಯ ಸಮಿತಿಯ ಸಭೆಯಲ್ಲಿ, ಮುಂದಿನ ಗ್ರಾಮಸಭೆಯಲ್ಲಿ, ಪುರಸಭೆಯ ಮುಂದಿನ ಆಯವ್ಯಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ವರ್ಷ ನಮ್ಮ ತಾಲ್ಲೂಕಿನಲ್ಲಿ ವಿಳಾಸವಿಲ್ಲದ ಎಷ್ಟು ಕುಟುಂಬಗಳಿಗೆ ವಿಳಾಸ ಸಿಕ್ಕಿತು? ಉತ್ತರ ಸೊನ್ನೆಯಾದರೆ, ಗುಡಾರಗಳು ಹೆಚ್ಚಿದವೆಂದು ದೂರುವ ಹಕ್ಕು ಆ ಸಭೆಗೆ ಉಳಿಯುವುದಿಲ್ಲ.